ಗಾರೆಯವನ ಕೂಲಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಹಳೆಯ ಮನೆಯ ದುರಸ್ತಿಯ ಮಾತನ್ನು ಏಕೆ ಬಿಟ್ಟರೋ ತಿಳಿಯದು. ಹೊಸ ಗೋಡೆ ಹೇಳಿದಂತೆ ಕೇಳುತ್ತದೆ. ಹಳೆಯ ಗೋಡೆಗೆ ತನ್ನದೇ ಆದ ಹಟವುಂಟು. ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಕೂಡಿಸಿ ಕಟ್ಟಿದ ಮೈಸೂರಿನ ಹಳೆಯ ಮನೆಗಳಲ್ಲಿ ವಾಸಿಸುವ ನಮ್ಮಂಥವರಿಗೆ ಇದು ಅನುಭವವೇದ್ಯ. ಮಳೆಗಾಲ ಕಳೆಯುವುದೇ ತಡ, ಗೋಡೆಯ ಬುಡ ಚಕ್ಕೆಯೇಳುತ್ತದೆ. ಗಾರೆಯವನ ಹುಡುಕಾಟ ಮೊದಲಾಗುತ್ತದೆ.

ನಾವೆಲ್ಲ ಕೇಳುವ ಮೊದಲ ಪ್ರಶ್ನೆ, "ಚದರಡಿಗೆ ಎಷ್ಟು ಮೇಸ್ತ್ರಿ?" ಎಂಬುದು. ಪ್ರಶ್ನೆ ಸಹಜವೇ, ಆದರೆ ಉತ್ತರವನ್ನು ತೂಗಿ ನೋಡುವ ತಕ್ಕಡಿ ನಮ್ಮಲ್ಲಿರಬೇಕಷ್ಟೆ. ಒಬ್ಬ ಗಾರೆಯವನು ಒಬ್ಬ ಕೈಯಾಳಿನೊಡನೆ ದಿನಕ್ಕೆ ಸುಮಾರು 100 ಚದರಡಿ ಒಳಗೋಡೆಗೆ ಅಚ್ಚುಕಟ್ಟಾಗಿ ಗಿಲಾವು ಮಾಡಬಲ್ಲ. ಊರಿನಲ್ಲಿ ನಡೆಯುತ್ತಿರುವ ಅವರಿಬ್ಬರ ದಿನಗೂಲಿಯನ್ನು ಕೂಡಿಸಿ ನೂರರಿಂದ ಭಾಗಿಸಿದರೆ ನ್ಯಾಯವಾದ ಕೂಲಿ ಹೆಚ್ಚುಕಡಮೆ ತಿಳಿಯುತ್ತದೆ. ಹಳೆಯ ಗಾರೆ ಕೆತ್ತುವುದು, ಸಾರುವೆ ಕಟ್ಟುವುದು ಬೇರೆ ಲೆಕ್ಕ. ಇದಕ್ಕಿಂತ ತೀರ ಕಡಮೆಗೆ ಒಪ್ಪಿದವನನ್ನು ಕರ್ಣನೆಂದು ಭಾವಿಸಬೇಕಾಗಿಲ್ಲ. ಅವನೂ ಸಂಸಾರಿ, ಒಂದೇ ದಿನದಲ್ಲಿ ಇನ್ನೂರು ಚದರಡಿ ಬಳಿದು ಹೋಗುತ್ತಾನೆ. ಸಂದುಗಳನ್ನು ಕೆರೆದು ಶುದ್ಧಮಾಡುವ, ಗೋಡೆಗೆ ನೀರುಣಿಸುವ, ತೂಗುಗುಂಡು ಹಿಡಿಯುವ ಹೊತ್ತು ಅಲ್ಲಿ ಸಂದಾಯವಾಗಿರುತ್ತದೆ.

ಸಾಮಾನಿನ ಲೆಕ್ಕವೂ ಹೀಗೆಯೇ. 12 ಮಿಲಿಮೀಟರ್ ದಪ್ಪಕ್ಕೆ, ಒಂದಕ್ಕೆ ಆರರ ಬೆರಕೆಯಲ್ಲಿ, ನೂರು ಚದರಡಿಗೆ ಸುಮಾರು ಮುಕ್ಕಾಲು ಚೀಲ ಸಿಮೆಂಟು ಸಾಕು. ಗೋಡೆ ಸೊಟ್ಟಗಿದ್ದರೆ ದಪ್ಪ ಏರುತ್ತದೆ, ಖರ್ಚೂ ಏರುತ್ತದೆ. ಮನೆಯನ್ನು ನೋಡದೆ ದೂರವಾಣಿಯಲ್ಲೇ ದರ ನುಡಿಯುವವನನ್ನು ನಂಬಬಾರದೆನ್ನುವುದು ಇದಕ್ಕಾಗಿ.

ಕಿಟಕಿ ಬಾಗಿಲುಗಳ ಜಾಗವನ್ನು ಅಳತೆಯಲ್ಲಿ ಕಳೆಯಬೇಕೆ ಎಂಬುದು ಕೊನೆಯ ದಿನದ ಜಗಳ. ಭಾರತೀಯ ಮಾನಕದ ನಿಯಮದಂತೆ ಅರ್ಧ ಚದರ ಮೀಟರಿನವರೆಗಿನ ತೆರಪನ್ನು ಕಳೆಯುವುದೇ ಇಲ್ಲ. ಅದಕ್ಕೆ ಮೇಲ್ಪಟ್ಟು 3 ಚದರ ಮೀಟರಿನವರೆಗೆ ಒಂದು ಮುಖವನ್ನಷ್ಟೇ ಕಳೆಯುತ್ತಾರೆ, ಅಂಚುಗಳ ಕೆಲಸಕ್ಕೆ ಇನ್ನೊಂದು ಮುಖ ಸರಿದೂಗುತ್ತದೆಂದು. ಮೊದಲೇ ಮಾತಾಡಿಕೊಂಡರೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

ಇನ್ನು ನಂಬಿಕೆಯ ಮಾತು. ಬಲ್ಲ ಮೇಸ್ತ್ರಿ ಬಂದೊಡನೆ ದರ ಹೇಳುವುದಿಲ್ಲ. ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತ ಪೊಳ್ಳು ಸದ್ದಿಗೆ ಕಿವಿಗೊಡುತ್ತಾನೆ, ಒದ್ದೆ ಎಲ್ಲಿಂದ ಬಂದಿತೆಂದು ವಿಚಾರಿಸುತ್ತಾನೆ. ಸುಣ್ಣದ ಗೋಡೆಗೆ ಸುಣ್ಣವೇ ಸಲ್ಲುತ್ತದೆಂದು ಅವನು ಹೇಳಿದರೆ, ಅದು ಹಳೆಯ ಕಾಲದ ವ್ಯಾಮೋಹವಲ್ಲ. ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಬಿಡುತ್ತದೆ. ಬಿರುಸಾದ ಸಿಮೆಂಟು ಅದನ್ನು ಒಳಗೇ ತಡೆದು, ಉಪ್ಪು ಕಾರಿಸಿ, ಮೆತ್ತನೆಯ ಇಟ್ಟಿಗೆಯನ್ನೇ ಪುಡಿಮಾಡುತ್ತದೆ. ಹಿಂದಿನವರು ಸುಣ್ಣವನ್ನು ದಿನಗಟ್ಟಲೆ ನೆನೆಹಾಕಿ, ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ ಅರೆಯುತ್ತಿದ್ದರು. ಹಂಪೆಯ ವಿರೂಪಾಕ್ಷ ಗೋಪುರದ ಇಟ್ಟಿಗೆಯ ಮೇಲಂತಸ್ತುಗಳಲ್ಲಿ ನಿಂತಿರುವುದು ಗಾರೆಯ ಶಿಲ್ಪವೇ. ಆ ವಿದ್ಯೆ ಬಲ್ಲವರು ಈಗ ವಿರಳ. ಸಿಕ್ಕರೆ ಅವರ ದರ ಹೆಚ್ಚಿರುತ್ತದೆ, ಹೆಚ್ಚಿರತಕ್ಕದ್ದೇ.

ಇನ್ನೊಂದು ಪರೀಕ್ಷೆ ನಡುಹಗಲಿನದು. ಊಟಕ್ಕೆ ಮುನ್ನ ಕಲಸಿದ ಸಿಮೆಂಟು ಗಾರೆಗೆ ಊಟವಾದ ಮೇಲೆ ನೀರು ಚಿಮುಕಿಸಿ ಬಳಿಯುವವನಾರು, ಎಸೆಯುವವನಾರು? ಮನೆಯಾತ ಒಂದು ಮಧ್ಯಾಹ್ನ ರಜೆ ಹಾಕಿ ನಿಂತು ನೋಡಿದರೆ ಸಾಕು. ಅವನು ಕೆಲಸ ಮುಗಿಸಿದ ಗೋಡೆಗಳನ್ನು ಎರಡು ಮಳೆಗಾಲ ಕಳೆದ ಮೇಲೆ ಹೋಗಿ ನೋಡುವುದು ಅದಕ್ಕಿಂತ ಉತ್ತಮ.

ಸಿಮೆಂಟಿನ ಗಿಲಾವಿಗೆ ಕಡೆಯಪಕ್ಷ ಏಳು ದಿನ ನೀರು ಬೇಕು. ಕರಣೆ ತೊಳೆದುಕೊಂಡು ಮೇಸ್ತ್ರಿ ಹೊರಟ ಮೇಲೆ ಆ ನೀರು ಹಾಕುವವರು ಯಾರೆಂದು ಮುಂಗಡ ಕೊಡುವಾಗಲೇ ನಿಶ್ಚಯಿಸಿ, ಕೊನೆಯ ಕಂತನ್ನು ಎಂಟನೆಯ ದಿನಕ್ಕೆ ಇಟ್ಟುಕೊಳ್ಳುವುದು ಇಬ್ಬರಿಗೂ ಕ್ಷೇಮ. ಆದರೆ ಎಂಟನೆಯ ದಿನ ಅವನು ಬಂದು ನಿಂತಾಗ, ನಾಳೆ ಬಾ ಎನ್ನದೆ ಎಣಿಸಿ ಕೊಡಬೇಕು.