ಅರವತ್ತರಲ್ಲಿ ಐವತ್ತೇಳು

ರಾಗಿ ಕಾಳೊಂದನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ಜೇನುಹುಳದ ಮಿದುಳು ಅದಕ್ಕಿಂತ ಚಿಕ್ಕದು. ತೂಕ ಹೆಚ್ಚೂಕಡಿಮೆ 1 ಮಿಲಿಗ್ರಾಂ. ಅಷ್ಟರೊಳಗೆ ಸುಮಾರು 9.6 ಲಕ್ಷ ನರಕೋಶಗಳಿವೆ. ನಮ್ಮ ತಲೆಯಲ್ಲಿರುವುದು 8,600 ಕೋಟಿ. 60 ಸಾವಿರ ಹುಳಗಳು ಕಿಕ್ಕಿರಿದ ಇಡೀ ಗೂಡಿನ ಮಿದುಳುಗಳನ್ನು ಕೂಡಿಸಿದರೂ 5,760 ಕೋಟಿ. ಒಬ್ಬ ಮನುಷ್ಯನಿಗೆ ಸಾಲದು. ಈ ಲೆಕ್ಕ ಹಾಕಿದಾಗ ನನಗೆ ತುಸು ಜಂಬವೇ ಬಂತು. ಹೆಚ್ಚು ಹೊತ್ತು ಉಳಿಯಲಿಲ್ಲ.

ಯುರೋಪಿನ ಜೇನುತಳಿಯ ಕೆಲಸಗಾರ ಹುಳ ಬೇಸಿಗೆಯಲ್ಲಿ ಬದುಕುವುದು ಐದಾರು ವಾರ. ಮೊದಲ ಎರಡು ಮೂರು ವಾರ ಅದು ಗೂಡಿನ ಕತ್ತಲಲ್ಲೇ ಇರುತ್ತದೆ. ಆಗ ಅದು ದಾದಿ. ಎರಿಯ ಕೋಣೆ ಕೋಣೆಗೂ ತಲೆ ತೂರಿಸಿ ಮರಿಹುಳಗಳಿಗೆ ಉಣಿಸುತ್ತದೆ. ಆಮೇಲೆ ಒಂದು ದಿನ ಬಾಗಿಲು ದಾಟಿ, ಸೂರ್ಯನ ಗುರುತು ಹಿಡಿದು ಕಿಲೋಮೀಟರುಗಟ್ಟಲೆ ಹಾರಿ, ಹೂ ಹುಡುಕಿ, ದಾರಿ ತಪ್ಪದೆ ಮರಳಿ, ಜೊತೆಯವರಿಗೆ ಕುಣಿದು ವಿಳಾಸ ಹೇಳುತ್ತದೆ. ಹುಳ ಅದೇ. ಅದರ ಡಿಎನ್‌ಎಯ 23 ಕೋಟಿಗೂ ಮಿಕ್ಕಿದ ಅಕ್ಷರಗಳೂ ಅವೇ. ಬದಲಾದದ್ದು ಯಾವ ಜೀನು ಎಷ್ಟು ಚುರುಕಾಗಿದೆ, ಅಂದರೆ ಜೀವಕೋಶ ಅದರ ಆರ್‌ಎನ್‌ಎ ಪ್ರತಿಗಳನ್ನು ಎಷ್ಟು ತೆಗೆಯುತ್ತಿದೆ ಎಂಬುದು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇದನ್ನು ಅಳೆದವರು ಚಾರ್ಲ್ಸ್ ವಿಟ್‌ಫೀಲ್ಡ್, ಜೀನ್ ರಾಬಿನ್ಸನ್ ಮತ್ತು ಸಂಗಡಿಗರು. (ಜೇನಿನ ಜೀನಿನ ಹಿಂದೆ ಬಿದ್ದವರ ಹೆಸರೂ ಜೀನ್!) ಮರಿಗೆ ಉಣಿಸುತ್ತಿದ್ದ ಹುಳಗಳನ್ನೂ ಹೊರಗಿನಿಂದ ಮೇವು ತಂದ ಹುಳಗಳನ್ನೂ ಹಿಡಿದು, ಆ ಚೂರು ಮಿದುಳುಗಳನ್ನು ಒಂದೊಂದಾಗಿ ಬಿಡಿಸಿ, ಸುಮಾರು 5,500 ಜೀನುಗಳ ಚಟುವಟಿಕೆ ನೋಡಿದರು. 2003ರಲ್ಲಿ ಪ್ರಕಟವಾದ ಉತ್ತರ: ಶೇ 39ರಷ್ಟು ಜೀನುಗಳಲ್ಲಿ ವ್ಯತ್ಯಾಸ. ಎರಡು ಸಾವಿರಕ್ಕೂ ಹೆಚ್ಚು! ಕೆಲಸ ಬದಲಾಯಿಸಲು ನಾಲ್ಕೈದು ಗುಂಡಿ ಒತ್ತಿದರೆ ಸಾಕು ಎಂದುಕೊಂಡಿದ್ದವರಿಗೆ ಐದರಲ್ಲಿ ಎರಡು ಗುಂಡಿಗಳು ಸರಿದಾಡಿದ್ದು ಕಂಡಿತು.

ಅದು ವಯಸ್ಸಿನ ಪರಿಣಾಮ ಇರಬಾರದೇಕೆ? ದಾದಿಗಳು ಎಳೆಯವು, ಮೇವು ತರುವವು ಮುದಿಯವು. ಇದನ್ನು ಬಿಡಿಸಲು ಹೂಡಿದ ಉಪಾಯ ನನಗೆ ಬಲು ಇಷ್ಟ. ಒಂದೇ ದಿನದ ಹುಳಗಳನ್ನಷ್ಟೇ ಸೇರಿಸಿ ಗೂಡು ಕಟ್ಟಿಸಿದರು. ಹಿರಿಯರಿಲ್ಲದ ಮನೆ, ದುಡಿದು ತರುವವರು ಯಾರು? ಕೆಲವು ಹುಳಗಳು ವಾರ ತುಂಬುವ ಹೊತ್ತಿಗೇ ಮೇವಿಗೆ ಹೊರಟವು. ಉಳಿದವುಗಳಲ್ಲಿ ಕೆಲವು ವಯಸ್ಸು ಮೀರಿದರೂ ದಾದಿಗಳಾಗಿಯೇ ಉಳಿದವು. ಮಿದುಳಿನ ಜೀನುಗಳು ಮುಖ್ಯವಾಗಿ ಹೇಳಿದ್ದು ವಯಸ್ಸನ್ನಲ್ಲ, ಕಸುಬನ್ನು. ಹುಳ ಏನು ಮಾಡುತ್ತಿತ್ತೆಂದು ತಿಳಿಸದೆ ಜೀನುಗಳ ಅಂಕಿಗಳನ್ನಷ್ಟೇ ಕಂಪ್ಯೂಟರಿಗೆ ಕೊಟ್ಟಾಗ ಅದು 60 ಹುಳಗಳಲ್ಲಿ 57ರ ಕಸುಬನ್ನು ಸರಿಯಾಗಿ ಹೇಳಿತು. ಅದಕ್ಕೆ 50 ಜೀನುಗಳೇ ಸಾಕಾದವು.

ಹಾಗಾದರೆ ದಾದಿತನದಿಂದ ಮೇವಿನ ಕೆಲಸಕ್ಕೆ ಹೋಗುವುದು ಒಮ್ಮುಖ ರಸ್ತೆಯೇ? 2012ರಲ್ಲಿ ಮತ್ತೊಂದು ತಂಡ, ಹುಳಗಳು ಮೇವಿಗೆ ಹೋಗಿದ್ದಾಗ ಗೂಡಿನ ದಾದಿಗಳನ್ನೆಲ್ಲ ಎತ್ತಿಬಿಟ್ಟಿತು. ಮರಳಿದವುಗಳ ಮುಂದೆ ಹಸಿದ ಮರಿಗಳಷ್ಟೇ ಇದ್ದವು. ಕೆಲವು ಮತ್ತೆ ದಾದಿಯಾದವು. ಜೀನುಗಳನ್ನು ಏರಿಳಿಸಲು ಡಿಎನ್‌ಎ ಮೇಲೆ ಅಂಟುವ ಮೀಥೈಲ್ ಗುರುತುಗಳು ದಾದಿ ಮತ್ತು ಮೇವಿನ ಹುಳಗಳ ನಡುವೆ 155 ಕಡೆ ಬೇರೆಯಾಗಿದ್ದವು. ಮತ್ತೆ ದಾದಿಯಾದವುಗಳ ಮಿದುಳಲ್ಲಿ ಆ 155ರಲ್ಲಿ 57 ಹಿಂದಿನ ಸ್ಥಿತಿಗೆ ಬಂದಿದ್ದವು. ಮತ್ತೆ 57, ಕೇವಲ ಕಾಕತಾಳೀಯ. ದಿನವೂ ಬಿಸಿಲಲ್ಲಿ ಹಾರುತ್ತಿದ್ದ ಹುಳ ಎರಿಯ ಕೋಣೆಯೊಳಗೆ ತಲೆ ತೂರಿಸಿ ನಿಂತಿತ್ತು.