ಹಾಡು ತಿನ್ನುವ ಸೂಜಿ

ಮುಂಬಯಿಯ ಚೋರ್ ಬಜಾರಿನಲ್ಲಿ, ಮಟನ್ ಸ್ಟ್ರೀಟಿನ ಅಂಗಡಿಗೆ ಹೋಗಿ ಹಳೇ ಗ್ರಾಮಫೋನ್ ಕೇಳಿ ನೋಡಿ. ಮೊದಲು ಮುಂದಿಡುವುದೇ ಪಳಪಳ ಹೊಳೆಯುವ ಹಿತ್ತಾಳೆ ಕಹಳೆಯ ಯಂತ್ರ. ಪೆಟ್ಟಿಗೆಯ ಮೇಲೆ ನಾಯಿಯ ಚಿತ್ರದ ಎಚ್‌ಎಂವಿ ಬಿಲ್ಲೆಯೂ ಇರುತ್ತದೆ. ಆದರೆ ಪೆಟ್ಟಿಗೆ ಈಚಿನದು, ಕಹಳೆಯೂ ಈಚಿನದು. ಒಳಗಿನ ಮೋಟಾರೊಂದೇ ಹಳೆಯದು. ಅದನ್ನೂ ಸಾಮಾನ್ಯವಾಗಿ ಯಾವುದಾದರೂ ಅಸಲಿ ಸೂಟ್‌ಕೇಸ್ ಗ್ರಾಮಫೋನಿನ ಹೊಟ್ಟೆ ಬಗೆದು ತೆಗೆದಿರುತ್ತಾರೆ. ಡ್ರಾಯಿಂಗ್ ರೂಮಿನ ಷೋಕಿಗೆ ಒಂದು ಒಳ್ಳೆಯ ಯಂತ್ರ ಹೀಗೆ ಸಾಯುತ್ತದೆ.

ದುರಸ್ತಿಯ ಹವ್ಯಾಸ ಇರುವವರು ಕಹಳೆಯತ್ತ ತಿರುಗಿಯೂ ನೋಡುವುದಿಲ್ಲ. ಶುಕ್ರವಾರ ಬೆಳಗಿನ ಜಾವ ಅಲ್ಲಿನ ಬೀದಿಯಲ್ಲೇ ಹರಡಿಕೊಳ್ಳುವ ಜುಮ್ಮಾ ಬಜಾರಿನಲ್ಲಿ ಅವರು ಹುಡುಕುವುದು ರೆಕ್ಸಿನ್ ಕಿತ್ತುಹೋದ, ಮುಚ್ಚಳ ತೆರೆದರೆ ಬೂಷ್ಟಿನ ವಾಸನೆ ಹೊಡೆಯುವ ಕಪ್ಪು ಪೆಟ್ಟಿಗೆಯನ್ನು. 1931ರಲ್ಲಿ ಬಂದು 1950ರ ದಶಕದ ಕೊನೆಯವರೆಗೂ ಮಾರಾಟವಾದ ಎಚ್‌ಎಂವಿ 102 ಸಿಕ್ಕರೆ ಅದೃಷ್ಟ. ಕರೆಂಟು ಬೇಡ, ಕೀಲಿ ಕೊಟ್ಟರೆ ಸಾಕು. ಮುಂಬಯಿಯ ಒಂದು ಕೋಣೆಯ ಮನೆಯಲ್ಲೂ ಮಂಚದ ಕೆಳಗೆ ಜಾಗ ಮಾಡಿಕೊಳ್ಳುತ್ತದೆ.

ಈ ಊರಿನ ಮಳೆಗಾಲ ಇಂಥ ಯಂತ್ರಗಳ ದೊಡ್ಡ ಶತ್ರು. ಸ್ಪ್ರಿಂಗಿಗೆ ತುಕ್ಕು, ಮರಕ್ಕೆ ಸೊಟ್ಟ, ಬಟ್ಟೆಗೆ ಬೂಷ್ಟು. ಕೀಲಿ ಕೊಟ್ಟು ಬಿಟ್ಟಾಗ ಒಳಗಿನಿಂದ ಧಡ್ ಧಡ್ ಸದ್ದು ಬಂದರೆ ಸ್ಪ್ರಿಂಗ್ ಡಬ್ಬಿಯ ಗ್ರೀಸು ಗಟ್ಟಿಯಾಗಿದೆ ಎಂದರ್ಥ. ಒಣಗಿದ ಗ್ರೀಸು ಹಳೇ ಬೆಲ್ಲದಂತೆ ಅಂಟಿಕೊಂಡು ಸುರುಳಿಗಳನ್ನು ಬಿಗಿಹಿಡಿಯುತ್ತದೆ. ಅವು ಒಮ್ಮೆಲೇ ಜಾರುವಾಗ ಆ ಸದ್ದು. ಡಬ್ಬಿ ಬಿಚ್ಚುವ ಮೊದಲು ಕೀಲಿ ಪೂರ್ತಿ ಇಳಿದಿರಬೇಕು, ಕೈಗೆ ದಪ್ಪ ಗವಸು ಇರಬೇಕು. ಹಲವು ಅಡಿ ಉದ್ದದ ಆ ಉಕ್ಕಿನ ಪಟ್ಟಿ ಹಾರಿದರೆ ಕೈ ಕೊಯ್ಯುವುದು ಖಂಡಿತ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಸ ಗ್ರೀಸು ಸವರಿ ಮತ್ತೆ ಸುತ್ತುವುದು ತಾಳ್ಮೆಯ ಕೆಲಸ.

ನನಗೆ ಎಲ್ಲಕ್ಕಿಂತ ಇಷ್ಟ ಗವರ್ನರ್. ಸಣ್ಣ ಕಡ್ಡಿಯೊಂದರ ಸುತ್ತ ತೆಳು ಪಟ್ಟಿಗಳಿಗೆ ಕಟ್ಟಿದ ಮೂರು ಗುಂಡುಗಳು. ವೇಗ ಹೆಚ್ಚಿದಂತೆ ಗುಂಡುಗಳು ಹೊರಕ್ಕೆ ಚಾಚುತ್ತವೆ, ಆ ಎಳೆತಕ್ಕೆ ಒಂದು ಬಿಲ್ಲೆ ಸರಿದು ಬಂದು ಮೆತ್ತೆಗೆ ಉಜ್ಜುತ್ತದೆ, ವೇಗ ತಗ್ಗುತ್ತದೆ. ನಿಮಿಷಕ್ಕೆ 78 ಸುತ್ತು ಕಾಯುವ ಉಪಾಯ ಇಷ್ಟೇ. ಪರೀಕ್ಷೆಯೂ ಸುಲಭ: ತಟ್ಟೆಯ ಅಂಚಿಗೆ ಕಾಗದದ ಚೂರು ಸಿಕ್ಕಿಸಿ ಎಣಿಸಿದರೆ ಹತ್ತು ಸೆಕೆಂಡಿಗೆ 13 ಸುತ್ತು ಬರಬೇಕು. ಸೂಜಿ ಇಟ್ಟು ಹಾಡು ನಡೆಯುತ್ತಿರುವಾಗಲೇ ಎಣಿಸಬೇಕು, ಏಕೆಂದರೆ ಸೂಜಿಯೂ ತಟ್ಟೆಯನ್ನು ಹಿಂದಕ್ಕೆ ಎಳೆಯುತ್ತದೆ. ಸೂಜಿ ಕೂರುವ ಸೌಂಡ್ ಬಾಕ್ಸಿನೊಳಗೆ ಕಲ್ಲಾಗಿರುವ ರಬ್ಬರ್ ಬದಲಿಸಿದರೆ ಗರಗರ ಸದ್ದು ನಿಲ್ಲುತ್ತದೆ. ಅಲ್ಲಿಗೆ ಕೈ ತಡೆಯುವುದು ಒಳ್ಳೆಯದು. ಸವೆದ ರೆಕ್ಸಿನ್ ಇದ್ದ ಹಾಗೇ ಇರಲಿ. ಹೊಸ ಪಾಲಿಶು ಹೊಡೆದರೆ ಮಟನ್ ಸ್ಟ್ರೀಟಿನ ಕಹಳೆಗೂ ಇದಕ್ಕೂ ಏನು ವ್ಯತ್ಯಾಸ?

  

ಯಂತ್ರ ತಿರುಗತೊಡಗಿದ ಮೇಲೆ ನಿಜವಾದ ಪೇಚು ಶುರು. ಅರಗು ಮತ್ತು ಕಲ್ಲಿನ ಪುಡಿ ಕಲಸಿ ಒತ್ತಿದ ಹಳೇ ತಟ್ಟೆಯ ಮೇಲೆ ಈ ಸೂಜಿ ನೂರು ಗ್ರಾಮಿಗೂ ಮೀರಿದ ಭಾರ ಹೇರುತ್ತದೆ. ಇಂದಿನ ಟರ್ನ್‌ಟೇಬಲ್ಲಿನ ಭಾರ ಸುಮಾರು ಎರಡು ಗ್ರಾಮು. ಗೀರಿನ ಪುಡಿ ಸೂಜಿಯನ್ನು ಮಸೆಯುತ್ತದೆ, ಮೊಂಡಾದ ಸೂಜಿ ಗೀರನ್ನು ಅಗೆಯುತ್ತದೆ. ಅದಕ್ಕೇ ತಟ್ಟೆಯ ಒಂದೊಂದು ಬದಿಗೂ ಹೊಸ ಸೂಜಿ ಎಂಬ ನಿಯಮ. ಅಷ್ಟು ಮಾಡಿದರೂ ಪ್ರತಿ ಸಲ ಹಾಡು ಕೊಂಚ ಸವೆಯುತ್ತದೆ. ಇನ್ನು ವಿನೈಲ್ ಎಲ್‌ಪಿಯನ್ನು ಇದರ ಮೇಲೆ ಇಟ್ಟರೆ ಒಂದೇ ಬಾರಿಗೆ ಅದರ ಕಥೆ ಮುಗಿಯಿತು.

ಹಾಗಾಗಿ ಯಂತ್ರ ಪ್ರೇಮಿಗೂ ತಟ್ಟೆ ಪ್ರೇಮಿಗೂ ಒಳಗೊಳಗೇ ಜಗಳ. ಎರಡನೆಯವರ ಪಕ್ಷಕ್ಕೆ ಈ ಊರಿನಲ್ಲಿ ಬಲ ಹೆಚ್ಚು: 1990ರಲ್ಲಿ ಇಲ್ಲೇ ಹುಟ್ಟಿದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಹಳೆಯ ಧ್ವನಿಮುದ್ರಿಕೆಗಳನ್ನು ಹುಡುಕಿ ದಾಖಲಿಸುತ್ತ ಬಂದಿದೆ. ಮುಂಬಯಿಯದೇ ಆದ ‘ಯಂಗ್ ಇಂಡಿಯಾ’ ಕಂಪನಿ 1935ರಿಂದ 1955ರವರೆಗೆ ತಟ್ಟೆ ಹೊರತಂದು ಮುಚ್ಚಿಹೋಯಿತು. ಅದರ ಹಾಡುಗಳನ್ನು ಡಿಜಿಟಲ್ ರೂಪಕ್ಕೆ ತರಲು ಬ್ರಿಟಿಷ್ ಲೈಬ್ರರಿಯ ನೆರವು ಬೇಕಾಯಿತು.

ನಾನಂತೂ ಯಂತ್ರದ ಪಕ್ಷ. ಆದರೂ ಅಪರೂಪದ ತಟ್ಟೆ ಉಳಿಸುವ ವಿಷಯದಲ್ಲಿ ತಟ್ಟೆಯವರ ಮಾತೇ ಸರಿ. 1930ರ ದಶಕದ ಮೊದಲಲ್ಲಿ ಗಂಗೂಬಾಯಿ ಹಾನಗಲ್ ಎಚ್‌ಎಂವಿಗೆ ಹಾಡಿದಾಗ ಲೇಬಲ್ಲಿನ ಮೇಲೆ ಅಚ್ಚಾದ ಹೆಸರು ಗಾಂಧಾರಿ. ಅಂಥದೊಂದು ತಟ್ಟೆ, ಅಥವಾ ಮಲ್ಲಿಕಾರ್ಜುನ ಮನ್ಸೂರರ ಆ ಕಾಲದ ತಟ್ಟೆ ಹಳೇ ಪೇಪರ್ ಅಂಗಡಿಯಲ್ಲಿ ಸಿಕ್ಕಿದರೆ ಕೀಲಿ ಯಂತ್ರದ ಹತ್ತಿರವೂ ಸುಳಿಸಬೇಡಿ. ಸ್ಪಿರಿಟ್ಟಿನಲ್ಲಿ ಒರೆಸಲೂ ಬೇಡಿ, ಅರಗು ಕರಗುತ್ತದೆ. 78ರ ಅಗಲ ಗೀರಿಗೆಂದೇ ಮಾಡಿದ ಸೂಜಿಯಿರುವ, ಕರೆಂಟಿನ ಹಗುರ ಪ್ಲೇಯರಿನಲ್ಲಿ ಒಮ್ಮೆ ಕೇಳಿ, ಕಂಪ್ಯೂಟರಿಗೆ ಇಳಿಸಿ, ಲಕೋಟೆಯಲ್ಲಿ ನೆಟ್ಟಗೆ ನಿಲ್ಲಿಸಿಡಿ.

ಹಾಗಾದರೆ 102ರಲ್ಲಿ ಕೇಳುವುದೇನು? ಭಾರತದಲ್ಲಿ ಅರಗಿನ ತಟ್ಟೆಗಳು ಅರವತ್ತರ ದಶಕದಲ್ಲೂ ಹೊರಬರುತ್ತಿದ್ದವು, ಬೀಟಲ್ಸ್ ಹಾಡುಗಳೂ ಇಲ್ಲಿ 78ರಲ್ಲಿ ಬಂದವು. ಬೀಟಲ್ಸ್ ತಟ್ಟೆ ಸಿಕ್ಕರೆ ಮಾರಿ ಸ್ಪ್ರಿಂಗ್ ಕೊಳ್ಳಬಹುದು, ಅಷ್ಟು ಬೆಲೆ ಅದಕ್ಕಿದೆ. ಐವತ್ತು-ಅರವತ್ತರ ದಶಕದ ಹಿಂದಿ ಸಿನಿಮಾ ಹಾಡುಗಳು ಕಟ್ಟುಗಟ್ಟಲೆ ಸಿಗುತ್ತವೆ. ಲೇಬಲ್ ಹರಿದ, ಅಂಚು ಮುಕ್ಕಾದ ನಾಲ್ಕಾರು ತಂದುಕೊಂಡರೆ ಆಯಿತು. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ. ಮುಗಿದ ಮೇಲೆ ಎದ್ದು ಸೂಜಿ ಬದಲಿಸಿ ಮತ್ತೆ ಕೀಲಿ ಕೊಡಬೇಕು. ಹಳೆಯ ಸೂಜಿಗೆ ಬೇರೆ ಡಬ್ಬಿ ಇಟ್ಟುಕೊಳ್ಳಿ, ಹೊಸದರ ಜೊತೆ ಬೆರೆತರೆ ಕಣ್ಣಿಗೆ ಗುರುತು ಸಿಗುವುದಿಲ್ಲ.