ನೀರು ಇಳಿಯುವಾಗ ಏರುವ ಜನ

ಮಳೆಗಾಲದಲ್ಲಿ ಮಲೆನಾಡಿನ ಮನೆಗಳಿಗೆ ಪತ್ರಿಕೆ ಬಂದ ಕೂಡಲೇ ಕಣ್ಣು ಹುಡುಕುವುದು ಜಲಾಶಯಗಳ ಮಟ್ಟದ ಒಂದು ಪುಟ್ಟ ಪಟ್ಟಿಯನ್ನು. ಲಿಂಗನಮಕ್ಕಿ: ಗರಿಷ್ಠ ಮಟ್ಟ 1819 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು. ಆಗಸ್ಟ್ ಹೊತ್ತಿಗೆ ಅಂಕಿ 1819ರ ಹತ್ತಿರ ಬಂದರೆ ಎಲ್ಲರಿಗೂ ನಿರಾಳ. ದಸರೆ ಕಳೆದ ಮೇಲೆ ಆ ಪಟ್ಟಿಯನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ. ಈ ಲೇಖನ ಆ ನಂತರದ ಏಳೆಂಟು ತಿಂಗಳ ಬಗ್ಗೆ.

1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿಂದೆ 151 ಟಿಎಂಸಿ ಅಡಿಗೂ ಹೆಚ್ಚು ನೀರು ನಿಲ್ಲಬಲ್ಲದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ, ಸಾಗರ ತಾಲ್ಲೂಕುಗಳ ಕಣಿವೆಗಳಲ್ಲಿ ಹರಡಿಕೊಂಡು ಹಿನ್ನೀರಾಗಿದೆ. ಈ ನೀರು ಇರುವುದು ಖರ್ಚಾಗಲಿಕ್ಕೆ. 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ವರ್ಷವಿಡೀ ಇದನ್ನೇ ನಂಬಿದೆ. ಹಾಗಾಗಿ ಮಳೆ ನಿಂತ ಮೇಲೆ ಮಟ್ಟ ದಿನದಿನಕ್ಕೂ ಇಳಿಯುತ್ತದೆ. ತೀರಾ ಇಳಿದ ವರ್ಷ, 1940ರ ದಶಕದಲ್ಲಿ ಕಟ್ಟಿ ಆಮೇಲೆ ಮುಳುಗಿಹೋದ ಹಿರೇಭಾಸ್ಕರ ಅಣೆಕಟ್ಟೆಯೇ ಮೇಲೆದ್ದು ಕಾಣುತ್ತದೆ, ಅದನ್ನು ನೋಡಲು ಜನ ಸಾಲುಗಟ್ಟುತ್ತಾರೆ.

ಇಷ್ಟು ದಿನ ಈ ಇಳಿತಕ್ಕೂ ಪ್ರವಾಸಿಗರ ಸಂಖ್ಯೆಗೂ ಒಂದು ನಂಟಿತ್ತು. ಆ ನಂಟಿನ ಹೆಸರು ಲಾಂಚ್, ಜನರನ್ನೂ ವಾಹನಗಳನ್ನೂ ಹಿನ್ನೀರು ದಾಟಿಸುವ ದೋಣಿ. ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಸಾಗರದಿಂದ ಹೋಗುವವರು ಅಂಬಾರಗೋಡ್ಲಿನಲ್ಲಿ ಕಾದು, ಲಾಂಚ್ ಹತ್ತಿ ಕಳಸವಳ್ಳಿ ದಡ ಸೇರಬೇಕಿತ್ತು. ಒಂದು ಸಲಕ್ಕೆ ಹಿಡಿಸುವುದು ಕೆಲವೇ ವಾಹನ. ಸಂಜೆಯಾದ ಮೇಲೆ ಸಂಚಾರವಿಲ್ಲ. ನೀರು ತೀರಾ ಕಡಿಮೆಯಾದ ಬೇಸಿಗೆಗಳಲ್ಲಿ ಹಿನ್ನೀರಿನ ಕಡವುಗಳಲ್ಲಿ ವಾಹನ ಹತ್ತಿಸುವುದನ್ನೇ ನಿಲ್ಲಿಸಿದ್ದೂ ಉಂಟು. ಯಾರೂ ಉದ್ದೇಶಿಸದಿದ್ದರೂ ಲಾಂಚ್ ಒಂದು ಕವಾಟದಂತೆ ಕೆಲಸ ಮಾಡುತ್ತಿತ್ತು. ನೀರು ಇಳಿದಂತೆ ಅದು ತಾನಾಗಿ ಕಿರಿದಾಗುತ್ತಿತ್ತು.

2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದದ ಈ ಸೇತುವೆ ಬೇಕಿತ್ತೇ ಎಂದು ಕೇಳುವ ಹಕ್ಕು ನನಗಿಲ್ಲ. ನಾಡಿಗೆ ಬೆಳಕು ಕೊಡಲು ಮನೆ, ಗದ್ದೆ, ದಾರಿ ಕಳೆದುಕೊಂಡ, ಕಳಸವಳ್ಳಿ ಕಡೆಯ ತುಮರಿ ಸೀಮೆಯ ಜನ, ಹೆರಿಗೆ ನೋವು ಬಂದ ರಾತ್ರಿ ನೀರಿನ ಆಚೆ ದಡ ನೋಡುತ್ತಾ ಕೂತದ್ದು ಅರವತ್ತು ವರ್ಷ. ಸೇತುವೆ ಅವರಿಗೆ ಸಲ್ಲಬೇಕಾದದ್ದು, ತಡವಾಗಿ ಸಂದಿದೆ. ಆದರೆ ಅದರ ಜೊತೆಗೇ ಕವಾಟವೂ ಹೋಯಿತು. ಅದರ ಜಾಗಕ್ಕೆ ಬೇರೆ ಯಾವ ಲೆಕ್ಕವೂ ಬಂದಿಲ್ಲ ಎಂಬುದೇ ನನ್ನ ಆತಂಕ.

ಜೋಗ ಜಲಪಾತಕ್ಕೆ ಜನ ನುಗ್ಗುವುದು ಮಳೆಗಾಲದಲ್ಲಿ, ನೀರು ಹೇರಳವಾಗಿದ್ದಾಗ. ಹಿನ್ನೀರಿನ ಪ್ರವಾಸದ ಕಾಲವೇ ಬೇರೆ. ಡಿಸೆಂಬರಿನ ರಜೆ, ಸಂಕ್ರಾಂತಿಯ ಸಿಗಂದೂರು ಜಾತ್ರೆ, ಆಮೇಲೆ ಏಪ್ರಿಲ್–ಮೇ ತಿಂಗಳ ಬೇಸಿಗೆ ರಜೆ. ಹಳ್ಳಗಳಿಂದ ಹೊಸ ನೀರು ಬರುವುದು ಬಹುತೇಕ ನಿಂತಿರುವ ಕಾಲವೂ ಅದೇ. ಪ್ರವಾಸಿಗರ ಕೊಳಚೆಯ ಹೊರೆ ಹೆಚ್ಚಿದಾಗಲೇ ಅದನ್ನು ತೆಳುಗೊಳಿಸುವ ನೀರು ಕಡಿಮೆ.

151 ಟಿಎಂಸಿ ಅಡಿ ನೀರಿನ ಮುಂದೆ ಕೆಲವು ಹೋಮ್‌ಸ್ಟೇಗಳ ಶೌಚಾಲಯ ಯಾವ ಲೆಕ್ಕ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಜಲಾಶಯದ ಆಕಾರದಲ್ಲಿದೆ. ಇದು ದುಂಡನೆಯ ಕೆರೆಯಲ್ಲ. ಮುಳುಗಿದ ಕಣಿವೆಗಳಾದ್ದರಿಂದ ಮರದ ಕೊಂಬೆಗಳಂತೆ ಕವಲು ಕವಲಾಗಿ ಗುಡ್ಡಗಳ ನಡುವೆ ನುಗ್ಗಿದೆ. ಮಧ್ಯದ ಆಳವಾದ ನೀರಿಗೂ ಈ ಕವಲುಗಳ ತುದಿಯ ನೀರಿಗೂ ಬೆರಕೆ ನಿಧಾನ. ಬೇಸಿಗೆಯಲ್ಲಿ ಕವಲು ಕಿರಿದಾಗಿ, ಕೆಲವೆಡೆ ಬರೀ ಗುಂಡಿಯಾಗಿ ಉಳಿಯುತ್ತದೆ. ಪ್ರವಾಸಿಗೆ ಚೆಂದ ಕಾಣುವುದು, ಬಾಡಿಗೆ ಕೋಣೆ ಏಳುವುದು, ಆ ಕವಲುಗಳ ದಡದಲ್ಲೇ.

ಒಂದು ಸರಳ ಲೆಕ್ಕ ಮಾಡೋಣ. ಮನುಷ್ಯನ ಮಲಮೂತ್ರದಲ್ಲಿ ದಿನಕ್ಕೆ ಒಂದರಿಂದ ಎರಡು ಗ್ರಾಂ ರಂಜಕ ಹೊರಹೋಗುತ್ತದೆ. ರಂಜಕ ಗಿಡಗಳಿಗೆ ಬೇಕಾದ ಪೋಷಕಾಂಶ, ಪಾಚಿಗೂ ಅದೇ ಗೊಬ್ಬರ. ಸಿಹಿನೀರಿನಲ್ಲಿ ಅದು ಲೀಟರಿಗೆ ಸುಮಾರು 30 ಮೈಕ್ರೋಗ್ರಾಂ ದಾಟಿದರೆ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ 30 ಪಾಲು ಮೀರಿದರೆ, ಪಾಚಿ ಅತಿಯಾಗಿ ಬೆಳೆಯುವ ಅಪಾಯ ಶುರುವಾಗುತ್ತದೆ. ವಿಜ್ಞಾನಿಗಳು ಇದನ್ನು ಯೂಟ್ರೋಫಿಕೇಶನ್ ಎನ್ನುತ್ತಾರೆ, ಗೊಬ್ಬರ ಹೆಚ್ಚಾಗಿ ನೀರು ಕೆಡುವುದು ಎಂದರೆ ಸಾಕು. ಈಗ ಒಂದು ಕವಲಿನ ಸುತ್ತ ಒಂದು ರಾತ್ರಿ ಸಾವಿರ ಮಂದಿ ತಂಗಿದರು ಎಂದುಕೊಳ್ಳಿ. ತಲೆಗೆ ಒಂದೂವರೆ ಗ್ರಾಂನಂತೆ ಒಂದೂವರೆ ಕಿಲೋ ರಂಜಕ. ಅದನ್ನು 30 ಮೈಕ್ರೋಗ್ರಾಂ ಮಟ್ಟಕ್ಕೆ ತೆಳುಗೊಳಿಸಲು ಬೇಕಾಗುವ ಶುದ್ಧ ನೀರು 5 ಕೋಟಿ ಲೀಟರ್. ಅರ್ಧ ಕಿಲೋಮೀಟರ್ ಉದ್ದ, ನೂರು ಮೀಟರ್ ಅಗಲ, ಒಂದು ಮೀಟರ್ ಆಳದ ಕವಲೊಂದರಲ್ಲಿ ಹಿಡಿಸುವುದು ಅಷ್ಟೇ ನೀರು. ಅದು ಒಂದು ದಿನದ ಲೆಕ್ಕ.

ವಾಸ್ತವದಲ್ಲಿ ಅಷ್ಟೂ ನೀರಿಗೆ ಸೇರುವುದಿಲ್ಲ. ಮಣ್ಣು ಒಂದಷ್ಟು ಹಿಡಿದುಕೊಳ್ಳುತ್ತದೆ, ಗಾಳಿ ಒಂದಷ್ಟು ಚದುರಿಸುತ್ತದೆ. ತೋಟಗಳ ಗೊಬ್ಬರದಿಂದ ಹರಿದುಬರುವ ಪಾಲೂ ಇದೆ, ಎಲ್ಲವನ್ನೂ ಪ್ರವಾಸಿಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ನಮ್ಮ ಕಡೆಯ ಜಂಬಿಟ್ಟಿಗೆ ನೆಲ ತೂತು ತೂತಿನದು. ಅದರಲ್ಲಿ ತೋಡಿದ ಇಂಗುಗುಂಡಿಯ ನೀರು ಶೋಧನೆಗೊಳ್ಳುವಷ್ಟು ಹೊತ್ತು ನಿಲ್ಲದೆ ಸಂದುಗಳಲ್ಲಿ ಇಳಿದು ಬಾವಿಗೋ ಹಿನ್ನೀರಿಗೋ ಸೇರುತ್ತದೆ. ನಾಲ್ಕು ಜನರ ಮನೆಗೆ ಸಾಕಾಗುತ್ತಿದ್ದ ಗುಂಡಿಗೆ ವಾರಾಂತ್ಯದಲ್ಲಿ ನಲವತ್ತು ಜನರ ಹೊರೆ ಬಿದ್ದರೆ ಏನಾಗುತ್ತದೆಂಬುದಕ್ಕೆ ಪ್ರಯೋಗಾಲಯ ಬೇಕಿಲ್ಲ. ನೀಲಿ-ಹಸಿರು ಪಾಚಿಯ ಕೆಲವು ಜಾತಿಗಳು ಬಿಡುವ ವಿಷ ನೀರು ಕುದಿಸಿದರೂ ಹೋಗುವುದಿಲ್ಲ. ಸಾಗರ ಪಟ್ಟಣಕ್ಕೆ ಕುಡಿಯುವ ನೀರು ಬರುವುದು ಈ ಹಿನ್ನೀರಿನಿಂದಲೇ.

ನೀರಿನ ಬಳಕೆಯದು ಇನ್ನೊಂದು ಕಥೆ. ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಾಕುತ್ತದೆ. ಹೋಟೆಲಿನ ಒಂದು ಹಾಸಿಗೆಗೆ ಸರಕಾರಿ ಮಾನದಂಡ 180 ಲೀಟರ್. ಒಬ್ಬ ಅತಿಥಿ ಮೂವರು ಊರಿನವರಿಗಿಂತ ಹೆಚ್ಚು ನೀರು ಬಳಸುತ್ತಾನೆ, ಅದೂ ಬಾವಿಯ ತಳ ಕಾಣುವ ಏಪ್ರಿಲಿನಲ್ಲಿ. ಶರಾವತಿ ಕಣಿವೆಯನ್ನು ವರ್ಷಗಟ್ಟಲೆ ಅಳೆದ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಕಂಡುಕೊಂಡ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಜಲಾನಯನದಲ್ಲಿ ಶೇ 60ಕ್ಕಿಂತ ಹೆಚ್ಚು ಸಹಜ ಕಾಡು ಉಳಿದಿರುವ ಹಳ್ಳಗಳು ವರ್ಷವಿಡೀ ಹರಿಯುತ್ತವೆ. ಕಾಡು ಹೋಗಿ ಬರೀ ನೆಡುತೋಪು ಅಥವಾ ಬೋಳುಗುಡ್ಡ ಉಳಿದಲ್ಲಿ ಮಳೆ ನಿಂತ ಕೆಲವೇ ತಿಂಗಳಿಗೆ ಹಳ್ಳ ಬತ್ತುತ್ತದೆ. ದರಕು, ಅಂದರೆ ಒಣಗಿ ಉದುರಿದ ಎಲೆ, ತುಂಬಿದ ಕಾಡಿನ ನೆಲ ಮಳೆನೀರನ್ನು ಹೀರಿ ಮೆಲ್ಲಗೆ ಬಿಡುತ್ತದೆ, ಸಮತಟ್ಟು ಮಾಡಿ ಗಟ್ಟಿಯಾದ ನೆಲ ಹೀರಲಾರದು. ಗುಡ್ಡ ಕಡಿದು ಪಾರ್ಕಿಂಗ್ ಮಾಡಿದಾಗ ನಾವು ಕಳೆದುಕೊಳ್ಳುವುದು ಮಾರ್ಚ್ ತಿಂಗಳ ನೀರನ್ನು.

ಡಿಸೆಂಬರಿನಿಂದ ಮೇವರೆಗಿನ ಈ ಕಾಲಕ್ಕೆ ಮಲೆನಾಡಿಗರಿಗೆ ಗೊತ್ತಿರುವ ಇನ್ನೊಂದು ಭಯವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಾಣುವನ್ನು ಹರಡುವ ಉಣುಗುಗಳು ಚುರುಕಾಗಿರುವುದು ಆಗಲೇ. 2018–19ರ ಚಳಿಗಾಲದಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಅದು ಸಾವು ತಂದದ್ದನ್ನು ಯಾರೂ ಮರೆತಿಲ್ಲ. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಊರಿನವರಿಗೆ ದರಕಿನ ಮೇಲೆ ಕೂರಬಾರದೆಂದು ಗೊತ್ತು. ಟೆಂಟ್ ಹಾಕಲು ಬಂದವರಿಗೆ ಹೇಳುವವರು ಯಾರು? ಉಣುಗು ಕಚ್ಚಿ ಜ್ವರ ಬರಲು ಮೂರರಿಂದ ಎಂಟು ದಿನ ಬೇಕು. ಅಷ್ಟರಲ್ಲಿ ಪ್ರವಾಸಿ ಊರು ಸೇರಿರುತ್ತಾನೆ. ಅಲ್ಲಿನ ವೈದ್ಯರಿಗೆ ಇದು ಮೊದಲು ಹೊಳೆಯುವ ಕಾಯಿಲೆಯಲ್ಲ.

ಪ್ರವಾಸಿಗರ ಹೊರೆ ಕಾಡಿನ ಪ್ರಾಣಿಗಳನ್ನೂ ಮುಟ್ಟುತ್ತದೆ, ಸಿಂಗಳೀಕದ ವಿಷಯಕ್ಕೆ ಪಾಠ ದೂರದಲ್ಲಿಲ್ಲ. 2019ರಲ್ಲಿ 930 ಚದರ ಕಿಲೋಮೀಟರಿಗೆ ವಿಸ್ತರಿಸಿದ ಶರಾವತಿ ಅಭಯಾರಣ್ಯಕ್ಕೆ ಈ ಪ್ರಾಣಿಯದೇ ಹೆಸರು. ಅದು ನೆಲಕ್ಕೆ ಇಳಿಯುವುದೇ ಅಪರೂಪ. ತಮಿಳುನಾಡಿನ ವಾಲ್ಪಾರೈಯಲ್ಲಿ ಕಾಡು ತುಂಡಾಗಿ, ಮನುಷ್ಯರ ತಿನಿಸಿನ ರುಚಿ ಹತ್ತಿ, ಅವು ರಸ್ತೆಗಿಳಿದು ವಾಹನದಡಿ ಸತ್ತವು.

ಈ ದಾರಿಯಲ್ಲಿ ಮೊದಲೇ ಹೋದ ಊರುಗಳಿವೆ. 2018ರ ಮೇ ತಿಂಗಳಲ್ಲಿ ಶಿಮ್ಲಾದ ನಲ್ಲಿಗಳು ದಿನಗಟ್ಟಲೆ ಒಣಗಿದಾಗ, ದಯವಿಟ್ಟು ಬರಬೇಡಿ ಎಂದು ಸ್ಥಳೀಯರೇ ಪ್ರವಾಸಿಗರನ್ನು ಬೇಡಿಕೊಂಡರು. ಅದೇ ವರ್ಷ ಫಿಲಿಪ್ಪೀನ್ಸ್ ಸರ್ಕಾರ ಕೊಳಚೆ ಸಮುದ್ರಕ್ಕೆ ಸೇರುತ್ತಿದ್ದ ಬೊರಾಕಾಯ್ ದ್ವೀಪವನ್ನು ಆರು ತಿಂಗಳು ಮುಚ್ಚಿತು. ತೆರೆದಾಗ ದಿನಕ್ಕೆ 6,405 ಮಂದಿಗಷ್ಟೇ ಪ್ರವೇಶ. ಆ ಆರು ತಿಂಗಳು ದ್ವೀಪದ ಕೂಲಿಯವರು, ದೋಣಿಯವರು ಹೇಗೆ ಬದುಕಿರಬೇಕು ಎಂದು ಯೋಚಿಸಿ. ಊಟಿ, ಕೊಡೈಕೆನಾಲ್‌ಗಳದು ಇದಕ್ಕಿಂತ ವಿವೇಕದ ಕ್ರಮ. ಮದ್ರಾಸ್ ಹೈಕೋರ್ಟ್ 2024ರ ಮೇ 7ರಿಂದ ಇ-ಪಾಸ್ ಕಡ್ಡಾಯ ಮಾಡಿಸಿ ಮೊದಲು ಎಣಿಸಲು ಹೇಳಿತು, ಮರುವರ್ಷ ವಾಹನಗಳಿಗೆ ಮಿತಿ ಹಾಕಿತು. ಊಟಿಗೆ ವಾರದ ದಿನ 6,000, ವಾರಾಂತ್ಯದಲ್ಲಿ 8,000.

ಲಿಂಗನಮಕ್ಕಿಗೆ ಇಂಥದ್ದೇ ಮಿತಿ ಬೇಕೆಂದು ನಾನು ಈಗಲೇ ಒಂದು ಅಂಕಿ ಹೇಳಲಾರೆ. ಅಳತೆಯಿಲ್ಲದೆ ಹೇಳುವ ಅಂಕಿಗೆ ಬೆಲೆಯಿಲ್ಲ. ಆದರೆ ಮಿತಿ ಊಟಿಯಂತೆ ವಾರದ ದಿನಕ್ಕೆ ತಕ್ಕಂತೆ ಅಲ್ಲ, ನೀರಿನ ಮಟ್ಟಕ್ಕೆ ತಕ್ಕಂತೆ ಬದಲಾಗಬೇಕು ಎಂದು ಮಾತ್ರ ಖಚಿತವಾಗಿ ಹೇಳುತ್ತೇನೆ. 1815 ಅಡಿಯಲ್ಲಿ ತಾಳುವ ಹೊರೆ 1760 ಅಡಿಯಲ್ಲಿ ತಾಳದು. ಲಾಂಚ್ ತಾನಾಗಿ ಮಾಡುತ್ತಿದ್ದ ಕೆಲಸವನ್ನು ಇನ್ನು ನಾವು ತಿಳಿದು ಮಾಡಬೇಕು. ಸೇತುವೆಯ ಎರಡೂ ತುದಿಯಲ್ಲಿ ಊರಿನವರ ವಾಹನಕ್ಕೆ ತಡೆಯಿಲ್ಲದಂತೆ ಹೊರಗಿನ ವಾಹನ ಎಣಿಸುವುದು ಕಷ್ಟವಲ್ಲ. ಸಾಗರ ನಗರಸಭೆ ಮತ್ತು ಹಿನ್ನೀರಿನ ಪಂಚಾಯಿತಿಗಳು ಸೇರಿ ಹೋಮ್‌ಸ್ಟೇ ಪರವಾನಗಿಯಲ್ಲಿ ಹಾಸಿಗೆಯ ಸಂಖ್ಯೆಯನ್ನು ಶೌಚಗುಂಡಿಯ ಗಾತ್ರಕ್ಕೆ ಕಟ್ಟಬಹುದು. ಗುಂಡಿ ತುಂಬಿದಾಗ ಸಕ್ಕಿಂಗ್ ಯಂತ್ರ ಕಳಿಸಬಹುದು, ಎತ್ತಿದ ಕೆಸರನ್ನು ಹಳ್ಳಕ್ಕೆ ಸುರಿಯದಂತೆ ಸಂಸ್ಕರಣಾ ಘಟಕ ನಡೆಸಬಹುದು. ಸಾಗರದಲ್ಲಿ ವಾಹನ ನಿಲ್ಲಿಸಿ ಬಸ್ಸಿನಲ್ಲಿ ಕಳಿಸಿದರೆ ಪಟ್ಟಣದ ಅಂಗಡಿ, ಖಾನಾವಳಿಗಳಿಗೂ ವ್ಯಾಪಾರ. ಇದೆಲ್ಲ ಪ್ರವಾಸೋದ್ಯಮದ ವಿರೋಧವಲ್ಲ. ತುಮರಿಯ ಹುಡುಗ ಬೆಂಗಳೂರಿಗೆ ಹೋಗದೆ ತನ್ನ ಮನೆಯ ಎರಡು ಕೋಣೆ ಬಾಡಿಗೆಗೆ ಕೊಟ್ಟು ಬದುಕಬೇಕಾದರೆ, ಆ ಕಿಟಕಿಯಿಂದ ಕಾಣುವ ನೀರು ಹಸಿರುಗಟ್ಟಿ ನಾರಬಾರದು.

ಮೊದಲ ಹೆಜ್ಜೆಗೆ ಹೆಚ್ಚು ಹಣ ಬೇಕಿಲ್ಲ. ಜನ ತಂಗುವ ನಾಲ್ಕಾರು ಕವಲುಗಳಿಂದ ಜನವರಿಯಲ್ಲೊಮ್ಮೆ, ಮೇ ಕೊನೆಯಲ್ಲೊಮ್ಮೆ ನೀರು ತೆಗೆದು ರಂಜಕ, ಮಲದ ಬ್ಯಾಕ್ಟೀರಿಯಾ, ಪಾಚಿಯ ಪ್ರಮಾಣ ಪರೀಕ್ಷಿಸಬೇಕು. ಮೇ ಮುಗಿಯುವ ಮುನ್ನವೇ ಮಾಡಬೇಕು. ಬೇಸಿಗೆಯಲ್ಲಿ ಒಣಗಿದ ದಡದ ಮೇಲೆ ಬಿಟ್ಟುಹೋದದ್ದೆಲ್ಲವನ್ನೂ, ಬಾಟಲಿಯಿಂದ ಹಿಡಿದು ಮಣ್ಣು ಮುಚ್ಚಿದ ಮಲದವರೆಗೆ, ಜೂನ್‌ ನಂತರ ಏರುವ ನೀರು ತನ್ನೊಳಗೆ ತೆಗೆದುಕೊಳ್ಳುತ್ತದೆ. ಆಮೇಲೆ ಪತ್ರಿಕೆಯ ಪಟ್ಟಿಯಲ್ಲಿ ಕಾಣುವುದು ಮಟ್ಟವೊಂದೇ.